ನಡುದಾರಿಯ ಅದುರು

ವಾಲ್ಪರೈಸೊದ ಆ ಗುಡ್ಡದ ಲಿಫ್ಟು ನಿಂತು
ಹನ್ನೆರಡು ವರ್ಷ. ಹಳಿಗಳ ನಡುವೆ ಬೆಕ್ಕುಗಳು ಮಲಗುತ್ತವೆ.
ಮ್ಯೂಸಿಯಮ್ಮಿನವರು ಹೇಳಿದರು: ನಲವತ್ತು ಸೆಕೆಂಡು ಸಾಕು,
ಹತ್ತಿ ಹೋದ ಹಾಗೆ ಅನ್ನಿಸಬೇಕು, ದುಡ್ಡು ಇಷ್ಟೇ.

ನನ್ನ ಹತ್ತಿರ ಇರುವುದೊಂದು ಕ್ಯಾಮೆರಾ.
ಗಾಜಿಲ್ಲ, ತೂಕವಿಲ್ಲ, ಹೆಗಲಿಗೇರಿಸುವ ಹಾಗಿಲ್ಲ.
ಮೂರು ಅಂಕಿಗಳು ಸೇರಿ
ಇಲ್ಲಿದ್ದೇನೆ ಅನ್ನುತ್ತವೆ.
ನಂಬುತ್ತೇವೆ.

ಕೀಫ್ರೇಮುಗಳನ್ನು ಒಂದೊಂದಾಗಿ ನೆಟ್ಟು ಕೂರುವ ತಾಳ್ಮೆ ನನಗಿಲ್ಲ.
ಒಂದು ಸಾಲು ಬರೆದೆ.
ಈ ಡಬ್ಬಿಯ ಎತ್ತರಕ್ಕೆ ಆ ಡಬ್ಬಿಯ ಎತ್ತರ ಕಟ್ಟಿ
ನಡುವೆ ಮೈನಸ್ ಇಟ್ಟೆ:
ಇದು ಏರಿದಷ್ಟೂ ಅದು ಇಳಿಯಲಿ.
ಉಕ್ಕಿನ ಹಗ್ಗ ನೂರು ವರ್ಷ ಮಾಡಿದ ಕೆಲಸವನ್ನು
ಒಂದು ಅಡ್ಡಗೀರು ಮಾಡಿತು.
ಹಗ್ಗಕ್ಕಾದರೆ ವಾರಕ್ಕೊಮ್ಮೆ ಗ್ರೀಸು ಬೇಕಿತ್ತಂತೆ.

ಕ್ಯಾಮೆರಾವನ್ನು ನಲ್ ಒಂದಕ್ಕೆ ಕಟ್ಟಿದೆ. ನಲ್ ಅಂದರೆ
ಕಣ್ಣಿಗೆ ಬೀಳದ ಲೇಯರು, ಏನೂ ಅಲ್ಲದ್ದು.
ಉಳಿದದ್ದನ್ನೆಲ್ಲ ಎಳೆದುಕೊಂಡು ಹೋಗುವುದು ಅದೇ.

ಮೊದಲ ಸಲ ಸಾಲಿನ ತುದಿಗೆ ಆವರಣ ಮುಚ್ಚಲು ಮರೆತಿದ್ದೆ.
ಹಳದಿ ಪಟ್ಟಿ ಬಂತು. ಕ್ಯಾಮೆರಾ ಕೊಲ್ಲಿಯ ತಳಕ್ಕೆ ಬಿತ್ತು.
ಕೆಳಗಿನಿಂದ ನೋಡಿದರೆ ನಾನು ಬಿಡಿಸಿದ ಸಮುದ್ರ ಬರೀ ರಟ್ಟು,
ಬಂದರು ಒಂದು ಗೆರೆ.
ಆವರಣ ಮುಚ್ಚಿದೆ. ಎದ್ದು ಬಂತು, ಒದ್ದೆಯಾಗದೆ.

ಡಾನ್ ಎರ್ಮೊಹೆನೆಸ್‌ರನ್ನು ಮಂಗಳವಾರ ಕರೆಸಿದೆವು.
ಮೂವತ್ತೊಂದು ವರ್ಷ ಮೇಲಿನ ಯಂತ್ರದ ಕೋಣೆಯಲ್ಲಿ
ಬ್ರೇಕು ಹಿಡಿದು ಕೂತವರು.
ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟು ನೋಡಿದರು.
ಮತ್ತೊಮ್ಮೆ ಅಂದರು. ಮತ್ತೊಮ್ಮೆ.
"ಚೆನ್ನಾಗಿದೆ ಮಗಳೇ. ಸತ್ತವರು ಮೇಲೆ ಹೋಗುವಾಗ
ಹೀಗೆ ಹೋಗುತ್ತಾರೇನೋ.
ನಮ್ಮ ಲಿಫ್ಟು ಹೀಗೆ ಹೋಗುತ್ತಿರಲಿಲ್ಲ."

ಕೈಯೆರಡನ್ನೂ ಎತ್ತಿ ತೋರಿಸಿದರು, ಒಂದು ಮೇಲೆ, ಒಂದು ಕೆಳಗೆ.
ನಡುವೆ ಎದುರಾದಾಗ ಬಲಗೈ ಕೂದಲೆಳೆಯಷ್ಟು ತಡೆದು
ಅದುರಿ ಮುಂದೆ ಹೋಯಿತು.
ವಯಸ್ಸಿನ ನಡುಕ ಅಂದುಕೊಂಡೆ. ಅಲ್ಲ.
ಮತ್ತೆ ತೋರಿಸಿದರು, ಅದೇ ಜಾಗ, ಅಷ್ಟೇ ಅದುರು.
"ಹಳಿ ಕವಲೊಡೆಯುವುದು ಅಲ್ಲಿ. ಮೀನಿನ ಒತಿಲಿಯಾಳ ಬುಟ್ಟಿಯಿಂದ
ದಿನಾ ನೀರು ಚೆಲ್ಲುತ್ತಿದ್ದುದೂ ಅಲ್ಲೇ.
ಎದುರು ಡಬ್ಬಿಯವರಿಗೆ ಜನ ಕೈ ಬೀಸುತ್ತಿದ್ದುದೂ."

ಸರಿ, ಹಾಗಾದರೆ ಷರತ್ತು:
ಎತ್ತರ ಅರ್ಧದ ಆಸುಪಾಸಿನಲ್ಲಿದ್ದರೆ, ವಿಗಲ್,
ಸೆಕೆಂಡಿಗೆ ಮೂರು ಸಲ, ಆರು ಪಿಕ್ಸೆಲ್.
"ಇದು ಭೂಕಂಪ. ಭೂಕಂಪ ನನಗೆ ಗೊತ್ತು."
ನಾಲ್ಕು ಪಿಕ್ಸೆಲ್.
"ಇದು ಬಸ್ಸು."
ಎರಡೂವರೆ, ಸೆಕೆಂಡಿಗೆ ಐದು ಸಲ.
ಸುಮ್ಮನಿದ್ದರು. ಹೊರಗೆ ಹಡಗೊಂದು ಕೂಗಿತು,
ಅತ್ತ ತಿರುಗಲಿಲ್ಲ.

ವಿಗಲ್‌ಗೆ ಗೊತ್ತುಗುರಿಯಿಲ್ಲ ಅನ್ನುತ್ತಾರೆ.
ಹಾಗೇನಿಲ್ಲ. ಒಳಗೊಂದು ಬೀಜವಿಟ್ಟುಕೊಂಡಿರುತ್ತದೆ,
ಎಷ್ಟು ಸಲ ಆಡಿಸಿದರೂ ಅದೇ ಅದುರು,
ಅದೇ ಫ್ರೇಮಿನಲ್ಲಿ. ಆ ಬಲಗೈಯ ಹಾಗೆ.

"ಬ್ರೇಕಿನ ಸಾಲು ಯಾವುದು?"
ಬ್ರೇಕಿಲ್ಲ ಅಂದೆ, ನಲವತ್ತಕ್ಕೆ ಸಮಯ ಮುಗಿಯುತ್ತದೆ.
"ಸಮಯ ಮುಗಿಯುತ್ತದೆ, ಒಪ್ಪಿದೆ.
ಡಬ್ಬಿ ನಿಲ್ಲಿಸುವವರು ಯಾರು?"

ಕೊನೆಯ ಎರಡು ಸೆಕೆಂಡಿಗೆ ಇನ್ನೊಂದು ಸಾಲು ಸೇರಿಸಿದೆ:
ಮೆಲ್ಲಗೆ, ಇನ್ನೂ ಮೆಲ್ಲಗೆ. ಆಡಿಸಿದೆ.
ಮೇಲಿನ ನಿಲ್ದಾಣ ಹತ್ತಿರ ಬರುತ್ತಿದ್ದಂತೆ
ಅವರ ಎಡಗೈ ಕುರ್ಚಿಯ ಪಕ್ಕದ ಗಾಳಿಯನ್ನು ಬಿಗಿಯಾಗಿ ಹಿಡಿದು
ಹಿಂದಕ್ಕೆ ಎಳೆಯಿತು.

ಕ್ಯಾಮೆರಾ ನಿಂತಿತು.
ಟೋಪಿ ಕೆಳಗೆ ಬಿದ್ದಿತ್ತು, ಬಗ್ಗಿ ಎತ್ತಿಕೊಟ್ಟೆ.
ಫೈಲಿಗೆ ಇನ್ನೂ ಹೆಸರಿಟ್ಟಿರಲಿಲ್ಲ.